ಮೂರಂಕಣದ ಮನೆಯಿಂದ ಮಿಲಾನಿಗೆ: ಇಂಟೀರಿಯರ್ ಆರ್ಕಿಟೆಕ್ಚರ್ ಮತ್ತು ಪ್ರದರ್ಶನ ವಿನ್ಯಾಸದಲ್ಲಿ ಮಾಸ್ಟರ್ಸ್ ಮಾಡುವವರಿಗೆ

"ಅಕ್ಕಾ, ನನ್ನ ಪೋರ್ಟ್‌ಫೋಲಿಯೋ ಒಂದ್ಸಲ ನೋಡಿ ಹೇಳ್ತೀರಾ?" ನವೆಂಬರ್ ಬಂತು ಅಂದರೆ ಇಂಥ ಮೆಸೇಜುಗಳು ಶುರು. ಪೋರ್ಟ್‌ಫೋಲಿಯೋ ಅಂದರೆ ಅರ್ಜಿಯ ಜೊತೆ ಕಳಿಸುವ ನಮ್ಮ ಕೆಲಸಗಳ ಪುಸ್ತಕ. ತೆರೆದರೆ ಮೊದಲ ಪುಟದಲ್ಲಿ ಒಂದು ಹಾಲ್. ಬೂದು ಬಣ್ಣದ ಸೋಫಾ, ಗಾಜಿನ ಗೋಡೆ, ಅದರಾಚೆ ಸಂಜೆ ಸೂರ್ಯ. ಎರಡನೇ ಪುಟದಲ್ಲಿ ಕೆಫೆ. ಮೂರನೆಯದರಲ್ಲಿ ಹೋಟೆಲ್ ಲಾಬಿ. ಎಲ್ಲವೂ 3ಡಿ ರೆಂಡರ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಆದರೆ ಒಂದರಲ್ಲೂ ಒಂದು ನರಪಿಳ್ಳೆ ಇರುವುದಿಲ್ಲ.

ಬೈಯುವ ಹಕ್ಕು ನನಗಿಲ್ಲ ಬಿಡಿ. ಮೈಸೂರಿನಲ್ಲಿ ಬಿ.ಆರ್ಕ್ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಮಾಡ್ಯುಲರ್ ಕಿಚನ್, ಟಿವಿ ಯೂನಿಟ್ ಮಾಡಿಸಿಕೊಂಡಿದ್ದ ನಾನೂ 2015ರಲ್ಲಿ ಇಂಥದ್ದೇ 32 ಪುಟ ಕಳಿಸಿದ್ದೆ. ಎರಡು ಕಡೆ ಅರ್ಜಿ ಹಾಕಿದ್ದೆ, ಎರಡೂ ಕಡೆ ಇಲ್ಲ ಅಂದರು. ಮರುವರ್ಷದ ಅರ್ಜಿಗೆ ಆ 32 ಪುಟ ಬಿಸಾಕಿ, ತಿಪಟೂರು ಹತ್ತಿರದ ನಮ್ಮ ಹಳ್ಳಿ ಮನೆಯ ಅಟ್ಟ ಮತ್ತು ಒಂದು ಮೂಟೆ ತೆಂಗಿನಕಾಯಿ ಇಟ್ಟುಕೊಂಡು ಹೊಸದು ಮಾಡಿದೆ. ಇಟಲಿಯ ಮಿಲಾನಿನ ಪಾಲಿಟೆಕ್ನಿಕ್ ಅನ್ನುವ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಏನು ಮಾಡಿದೆ, ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ವೀಸಾ, ಬ್ಯಾಂಕ್ ಸಾಲದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಜಾಸ್ತಿ ಮಾತಾಡುವುದು ಪೋರ್ಟ್‌ಫೋಲಿಯೋ ಬಗ್ಗೆ.

ಇದು ಎಂಥ ಓದು?

ಸೋಫಾಕ್ಕೆ ಬಟ್ಟೆ ಆರಿಸುವ ಓದು ಅಲ್ಲ. ಇಂಟೀರಿಯರ್ ಆರ್ಕಿಟೆಕ್ಚರ್ ಅಂದರೆ ಆಗಲೇ ನಿಂತಿರುವ ಕಟ್ಟಡದ ಒಳಗೆ ಕೈ ಹಾಕುವುದು. ಮೆಟ್ಟಿಲು ಎಲ್ಲಿ ಬರಬೇಕು, ಬೆಳಕು ಯಾವ ಕಡೆಯಿಂದ ಇಳಿಯಬೇಕು, ಹಳೆ ಗೋಡೆ ಉಳಿಸಬೇಕೋ ಒಡೆಯಬೇಕೋ ಅನ್ನುವುದು. ಪ್ರದರ್ಶನ ವಿನ್ಯಾಸ ಅಂದರೆ ವಸ್ತುಗಳನ್ನು ಜೋಡಿಸುವುದು. ಓಡಾಡುತ್ತಾ ನೋಡುವವರಿಗೆ ಅವುಗಳ ಕಥೆ ತಾನಾಗಿ ತಿಳಿಯುವ ಹಾಗೆ ಜೋಡಿಸುವುದು. ಹಳೆ ಅರಮನೆಯೋ ಕಾರ್ಖಾನೆಯೋ ಮ್ಯೂಸಿಯಂ ಆಗುವಾಗ ಇವೆರಡೂ ಸೇರಿಹೋಗುತ್ತವೆ. ಅದಕ್ಕೇ ಬಹಳ ಕಡೆ ಒಟ್ಟಿಗೆ ಕಲಿಸುತ್ತಾರೆ.

ನನಗೆ ಇದನ್ನು ಮೊದಲು ಕಲಿಸಿದ್ದು ಮೈಸೂರಿನ ದೊಡ್ಡಮ್ಮ. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು, ಪಟ್ಟದ ಗೊಂಬೆ ಮೇಲೇ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ದೊಡ್ಡಮ್ಮ ಕಿರಾಣಿ ಅಂಗಡಿ ಸೆಟ್ಟರನ್ನೂ ಚಿಕ್ಕ ಪ್ರಾಣಿಗಳನ್ನೂ ಯಾವಾಗಲೂ ತೀರಾ ಕೆಳಗೆ, ಕೆಲವು ಸಲ ನೆಲದ ಮೇಲೇ ಇಡುತ್ತಿದ್ದರು. "ಮಕ್ಕಳು ಕೂತ್ಕೊಂಡು ನೋಡ್ತಾವೆ ಕಣೇ" ಅಂತಿದ್ದರು. ಯಾರು, ಎಷ್ಟು ಎತ್ತರದಿಂದ, ಎಷ್ಟು ಹೊತ್ತು ನೋಡುತ್ತಾರೆ? ಎರಡು ವರ್ಷ ಮಿಲಾನಿನಲ್ಲಿ ಕೇಳಿದ್ದೂ ಇದನ್ನೇ.

ಸೇರುವ ಮುಂಚೆ ಒಂದು ವಿಷಯ ಗೊತ್ತಿರಲಿ. ನಮ್ಮ ದೇಶದಲ್ಲಿ 'ಆರ್ಕಿಟೆಕ್ಟ್' ಅಂತ ಹೆಸರಿನ ಜೊತೆ ಹಾಕಿಕೊಳ್ಳಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ಬಿ.ಎಸ್ಸಿ ಇಂಟೀರಿಯರ್ ಮಾಡಿ ಹೊರದೇಶದಲ್ಲಿ ಇಂಟೀರಿಯರ್ ಆರ್ಕಿಟೆಕ್ಚರ್ ಮಾಸ್ಟರ್ಸ್ ತಂದರೆ ಆರ್ಕಿಟೆಕ್ಟ್ ಆಗುವುದಿಲ್ಲ. ಡಿಗ್ರಿಯ ಹೆಸರಿನಲ್ಲಿ ಆ ಪದ ಇದೆ ಅಂತ ನಂಬಿಕೊಂಡು ಬಂದು ಪೆಚ್ಚಾದವರನ್ನು ನೋಡಿದ್ದೇನೆ.

ಎಲ್ಲಿ ಓದುವುದು?

ಮನೆ ಹತ್ತಿರವೇ ಬೇಕು ಅಂದರೆ ತುಮಕೂರು ರಸ್ತೆಯಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದರೆ ಎನ್‌ಐಡಿ ಬೆಂಗಳೂರು ಕ್ಯಾಂಪಸ್ ಇದೆ. ಅಲ್ಲಿನ ರಿಟೇಲ್ ಎಕ್ಸ್‌ಪೀರಿಯೆನ್ಸ್ ಎಂ.ಡೆಸ್ (ಡಿಸೈನಿನ ಮಾಸ್ಟರ್ಸ್) ಹೆಸರಿಗೆ ಅಂಗಡಿಯದ್ದಾದರೂ ಕಲಿಯುವುದು ಜನರ ಓಡಾಟವನ್ನೇ. ಎನ್‌ಐಡಿಗೆ ಡಿಎಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಪ್ರಿಲಿಮ್ಸ್ ಆದ ಮೇಲೆ ಮೇನ್ಸ್. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಇಂಟೀರಿಯರ್‌ಗೆ ಒಳ್ಳೆಯ ಮಾಸ್ಟರ್ಸ್ ಇದೆ. ಬಡಗಿ ಕೆಲಸ, ಕರಕುಶಲ ಕೆಲಸಗಳಿಗೆ ಅವರಷ್ಟು ಗೌರವ ಕೊಡುವ ಕಾಲೇಜು ನಾನು ಬೇರೆ ಕಂಡಿಲ್ಲ.

ಹೊರಗೆ ಹೋಗುವುದಾದರೆ ಅಮೆರಿಕದಲ್ಲಿ ಎರಡು ಹೆಸರು ನೆನಪಿಡಿ. ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರದರ್ಶನ ವಿನ್ಯಾಸಕ್ಕೇ ಎಂ.ಎ ಇದೆ. ಫ್ಯಾಷನ್ ಅಂತ ಹೆಸರು ನೋಡಿ ಪಕ್ಕಕ್ಕಿಡಬೇಡಿ. ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಹಳೆ ಕಟ್ಟಡಗಳ ಮರುಬಳಕೆ ಮೇಲೆ ಒತ್ತು ಜಾಸ್ತಿ. ಎರಡೂ ದುಬಾರಿ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಪ್ರದರ್ಶನ ವಿನ್ಯಾಸದ ಒಳ್ಳೆಯ ವಿಭಾಗ ಇದೆ, ಆದರೆ ಜರ್ಮನ್ ಭಾಷೆ ಬರಬೇಕು. ಇಂಗ್ಲಿಷ್‌ನಲ್ಲೇ ಬೇಕು ಅಂದರೆ ಸ್ಟುಟ್‌ಗಾರ್ಟ್‌ನ ಐಮಿಯಾಡ್ ಅನ್ನುವ ಇಂಟೀರಿಯರ್ ಆರ್ಕಿಟೆಕ್ಚರ್ ಮಾಸ್ಟರ್ಸ್ ನೋಡಿ.

ಹೆಸರು ದೊಡ್ಡದು ಅಂತ ಕಣ್ಣು ಮುಚ್ಚಿ ದುಡ್ಡು ಕಟ್ಟಬೇಡಿ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಲ್ಲಿ ಮ್ಯೂಸಿಯಂ ಪ್ರದರ್ಶನಕ್ಕೆ ಹೆಸರಾದ ಮಾಸ್ಟರ್ಸ್ ಇತ್ತು. 2024ರ ಮೇ ಕೊನೆಯಲ್ಲಿ ಮುಚ್ಚುತ್ತೇವೆ ಅಂದರು, ಜೂನ್ 7ಕ್ಕೆ ಮುಚ್ಚಿಯೇಬಿಟ್ಟರು. ಒಂದು ವಾರ ಅಷ್ಟೇ. ಹಾಗಾಗಿ ಕೋರ್ಸು ನೋಡುವಾಗ ಕಾಲೇಜಿನ ಹಣಕಾಸಿನ ಸುದ್ದಿಯನ್ನೂ ಸ್ವಲ್ಪ ಹುಡುಕಿ.

ನಾನು ಆರಿಸಿಕೊಂಡಿದ್ದು ಪಾಲಿಟೆಕ್ನಿಕೊ ದಿ ಮಿಲಾನೊ. ಅಲ್ಲಿ ಇಂಟೀರಿಯರ್ ಆ್ಯಂಡ್ ಸ್ಪೇಶಿಯಲ್ ಡಿಸೈನ್ ಅನ್ನುವ ಎರಡು ವರ್ಷದ ಕೋರ್ಸು ಇದೆ, ಪಾಠ ಇಂಗ್ಲಿಷ್‌ನಲ್ಲಿ. ಸರ್ಕಾರಿ ವಿಶ್ವವಿದ್ಯಾಲಯ. ಫೀಸು ಮನೆಯ ಆದಾಯದ ಮೇಲೆ ನಿಗದಿ ಆಗುತ್ತದೆ. ನಾನು ಓದುವಾಗ ಗರಿಷ್ಠ ಅಂದರೂ ವರ್ಷಕ್ಕೆ 4,000 ಯೂರೋ ಒಳಗೇ ಇತ್ತು. ಆರಿಸಿಕೊಳ್ಳಲು ಅದೇ ಮೊದಲ ಕಾರಣ, ಸುಮ್ನೆ ಸುಳ್ಳು ಯಾಕೆ ಹೇಳಲಿ. ಎರಡನೇ ಕಾರಣ, ಇಟಲಿಯವರಿಗೆ ಈ ಕೆಲಸಕ್ಕೆ ಒಂದೇ ಪದ ಇದೆ: ಅಲ್ಲೆಸ್ತಿಮೆಂತೊ. ಅಣಿ ಮಾಡುವುದು ಅಂತ ಅರ್ಥ. ಅಂಗಡಿ ಕಿಟಕಿ, ಮ್ಯೂಸಿಯಂ, ಸಂತೆ ಮಳಿಗೆ, ಎಲ್ಲಕ್ಕೂ ಅದೇ.

ಪೋರ್ಟ್‌ಫೋಲಿಯೋ: ಮೊದಲು ಟೇಪು ಹಿಡಿಯಿರಿ

ಕಂಪ್ಯೂಟರ್ ಮುಚ್ಚಿ. 5 ಮೀಟರಿನ ಟೇಪು, ಒಂದು ರಸಮಟ್ಟ, ಚೌಕುಳಿ ಹಾಳೆಯ ಪುಸ್ತಕ ತಗೊಳ್ಳಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಆರಿಸಿ. ಅಜ್ಜಿ ಮನೆ, ಅಪ್ಪನ ಅಂಗಡಿ, ಊರಿನ ಲೈಬ್ರರಿ, ಯಾವುದಾದರೂ ಸರಿ. ಅದನ್ನು ಇಂಚಿಂಚೂ ಅಳೆಯಿರಿ. ಗೋಡೆ ಸೊಟ್ಟ ಇದ್ದರೆ ಸೊಟ್ಟಗೇ ಬರೆಯಿರಿ. ಹೊಸ್ತಿಲ ಎತ್ತರ, ಕಿಟಕಿಯ ಕಟ್ಟೆಯ ಎತ್ತರ, ಬಾಗಿಲಲ್ಲಿ ತಲೆ ತಗುಲುತ್ತದೋ ಇಲ್ಲವೋ, ಎಲ್ಲವೂ ಬರಲಿ.

ನಮ್ಮದು ಮೂರಂಕಣದ ಮನೆ. ಪಟ್ಟಣದಲ್ಲಿ ಬೆಳೆದವರಿಗೆ ಹೇಳಬೇಕು: ಎರಡು ಕಂಬದ ಸಾಲುಗಳ ನಡುವಿನ ಜಾಗ ಒಂದು ಅಂಕಣ. ನಮ್ಮ ಕಡೆ ಮನೆ ಎಷ್ಟು ದೊಡ್ಡದು ಅಂದರೆ ಚದರಡಿ ಹೇಳುತ್ತಿರಲಿಲ್ಲ, ಅಂಕಣ ಹೇಳುತ್ತಿದ್ದರು. ಮೊದಲನೇ ಅಂಕಣ ಪಡಸಾಲೆ. ಎರಡನೆಯದು ನಡುಮನೆ, ಅದರ ಮೇಲೆ ಅಟ್ಟ. ಮೂರನೆಯದರಲ್ಲಿ ದೇವರ ಮೂಲೆ ಮತ್ತು ಅಡುಗೆ. ಅಟ್ಟದಲ್ಲಿ ತೆಂಗಿನಕಾಯಿ. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗುವುದು ಹಾಗೇ. ಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಗಡಗಡ ಅಂದರೆ ಕೊಬ್ಬರಿ ಆಗಿದೆ ಅಂತ ಲೆಕ್ಕ.

ಈ ಮನೆಯಲ್ಲೇ ಕೊಬ್ಬರಿ ಬಗ್ಗೆ ಒಂದು ದಿನದ ಪ್ರದರ್ಶನ ಮಾಡೋಣ ಅಂತ ಹೊರಟೆ. 2015ರ ದೀಪಾವಳಿ, ನೆಂಟರಿಷ್ಟರೆಲ್ಲ ಊರಿಗೆ ಬಂದಿದ್ದರು. ಖರ್ಚು 2,000 ರೂಪಾಯಿ ದಾಟಬಾರದು ಅಂತ ನಾನೇ ಗೆರೆ ಎಳೆದುಕೊಂಡೆ. ಪಡಸಾಲೆಯಲ್ಲಿ ತೋಟದ ಫೋಟೋಗಳು. ನಡುಮನೆಯ ಕಂಬದ ಹತ್ತಿರ ಒಂದು ಮೂಟೆ ಕಾಯಿ, ಹಸಿದೂ ಇದೆ, ಒಣಗಿದ್ದೂ ಇದೆ, ಅಲ್ಲಾಡಿಸಿ ನೋಡಲು. ಮೂರನೇ ಅಂಕಣದಲ್ಲಿ ನನ್ನ ಪ್ರೀತಿಯ ಭಾಗ: ಕೊಬ್ಬರಿಯ ಇತಿಹಾಸ, ಒಂದೊಂದೂ 200 ಪದದ ಆರು ಫಲಕಗಳು, ನೆಲದಿಂದ ಸರಿಯಾಗಿ 150 ಸೆಂಟಿಮೀಟರ್ ಎತ್ತರದಲ್ಲಿ. ಪುಸ್ತಕದಲ್ಲಿ ಓದಿದ ಎತ್ತರ ಅದು.

ಮನೆಯ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಕಿಕೊಂಡು ನಾನೂ ಚಿಕ್ಕಪ್ಪನ ಮಗನೂ ಮೂಲೆಯಲ್ಲಿ ಕೂತೆವು. ಒಬ್ಬೊಬ್ಬರು ಒಳಗೆ ಬಂದಾಗಲೂ ಅವರು ನಡೆದ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯುವುದು. ನಿಂತಲ್ಲಿ ಒಂದು ಚುಕ್ಕಿ. ಜಾಸ್ತಿ ಹೊತ್ತು ನಿಂತರೆ ದೊಡ್ಡ ಚುಕ್ಕಿ. ಮಕ್ಕಳಿಗೆ ಕೆಂಪು, ದೊಡ್ಡವರಿಗೆ ನೀಲಿ.

ಮಧ್ಯಾಹ್ನದ ಊಟದ ಹೊತ್ತಿಗೆ 17 ಗೆರೆಗಳು. ಹದಿನೇಳೂ ನಡುಮನೆಯ ಕಂಬದ ಹತ್ತಿರ ಬಂದು ಗಂಟಾಗಿ, ಅಲ್ಲಿಂದಲೇ ವಾಪಸ್. ಮೂರನೇ ಅಂಕಣದಲ್ಲಿ ಹಾಳೆ ಖಾಲಿ. ನನ್ನ 1,200 ಪದಗಳನ್ನು ಒಬ್ಬರೂ ಓದಿರಲಿಲ್ಲ.

ನನಗೆ ಅಳು ಬರುವುದೊಂದು ಬಾಕಿ. ಅಮ್ಮ ಒಂದೇ ಮಾತಲ್ಲಿ ಬಿಡಿಸಿದರು. "ಅಡುಗೆಮನೆ ಕಡೆಗೆ ಹೊರಗಿನೋರು ಹಂಗೆ ಬರ್ತಾರೇನೇ? ಅದೂ ಕತ್ತಲೆ ಬೇರೆ." ಹೌದಲ್ವಾ! ನಮ್ಮ ಮನೆಗಳಲ್ಲಿ ನಡುಮನೆ ದಾಟಿ ಒಳಗೆ ಹೋಗಲು ಕರೆ ಬೇಕು. ನಾನು ಹುಟ್ಟಿ ಬೆಳೆದ ಮನೆ, ನನಗೇ ಹೊಳೆಯಲಿಲ್ಲ. ಕಾಲೇಜಿನಲ್ಲಿ ಕಲಿತ 'ಸರ್ಕ್ಯುಲೇಶನ್' ಬಾಣಗಳಿಗೆ, ಅಂದರೆ ಜನರ ಓಡಾಟ ತೋರಿಸುವ ಬಾಣಗಳಿಗೆ, ಇದು ಗೊತ್ತಿಲ್ಲ.

ಊಟ ಆದ ಮೇಲೆ ಮೂರು ಬದಲಾವಣೆ ಮಾಡಿದೆವು. ಅಪ್ಪ ಕೊಟ್ಟಿಗೆಯ ಸೂರಿನಿಂದ ಒಂದು ಗಾಜಿನ ಹೆಂಚು ತಂದು ಮೂರನೇ ಅಂಕಣದ ಮೇಲೆ ಕೂರಿಸಿದರು. ಕಾಯಿಯ ಮೂಟೆಯನ್ನು ಒಳಗಿನ ಹೊಸ್ತಿಲ ಆಚೆಗೆ, ಬೆಳಕು ಬೀಳುವ ಕಡೆ ಇಟ್ಟೆವು. ಫಲಕಗಳನ್ನೆಲ್ಲ ಕಿತ್ತು, ಮೂಟೆಯ ಪಕ್ಕ ಒಂದೇ ರಟ್ಟು ನಿಲ್ಲಿಸಿದೆ: "ಅಲ್ಲಾಡಿಸಿ. ಗಡಗಡ ಅಂದರೆ ಕೊಬ್ಬರಿ. ಅನ್ನದಿದ್ದರೆ ಇನ್ನೂ ಕಾಯಬೇಕು." ಸಂಜೆಯ ಟ್ರೇಸಿಂಗ್‌ನಲ್ಲಿ ಗೆರೆಗಳು ಹೊಸ್ತಿಲು ದಾಟಿದವು. ಮಕ್ಕಳ ಕೆಂಪು ಗೆರೆಗಳಂತೂ ಎರಡೆರಡು ಸಲ.

ಬೆಳಗಿನ ಹಾಳೆ, ಸಂಜೆಯ ಹಾಳೆ, ಎರಡನ್ನೂ ಪಕ್ಕಪಕ್ಕ ಹಾಕಿದೆ. ಪೋರ್ಟ್‌ಫೋಲಿಯೋದ ನಾಲ್ಕು, ಐದನೇ ಪುಟ. ಸೋತಿದ್ದನ್ನು ಮುಚ್ಚಿಡಲಿಲ್ಲ, ಯಾಕೆ ಸೋತೆ ಅಂತ ಎರಡು ಸಾಲು ಬರೆದೆ. ನೀವೂ ಇಷ್ಟು ಮಾಡಿ. ದೊಡ್ಡದೇನೂ ಬೇಡ. ಕಾಲೇಜಿನ ಕಾರಿಡಾರಿನಲ್ಲಿ ಹತ್ತು ಹಳೆ ಬಸ್ ಟಿಕೆಟ್ ಅಂಟಿಸಿ, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿ. ಆಮೇಲೆ ಬದಲಾಯಿಸಿ ಮತ್ತೆ ನೋಡಿ. ಆ ಎರಡು ಹಾಳೆ ಇದ್ದರೆ ಹತ್ತು ರೆಂಡರ್ ಇಲ್ಲದಿದ್ದರೂ ನಡೆಯುತ್ತದೆ.

ಇನ್ನು ಬಿಡಿ ಬಿಡಿ ಮಾತು. ಒಂದು ಡೀಟೇಲ್ ಡ್ರಾಯಿಂಗ್ ಇರಲೇಬೇಕು, 1:5ರಲ್ಲಿ, ಅಂದರೆ ನಿಜದ ಅಳತೆಯ ಐದನೇ ಒಂದು ಭಾಗಕ್ಕೆ ಇಳಿಸಿ, ಕೈಯಲ್ಲಿ ಬಿಡಿಸಿದರೂ ಸರಿ. ನಾನು ಅಟ್ಟದ ಏಣಿ ತೊಲೆಗೆ ಸಿಕ್ಕಿಸುವ ಜಾಗ ಬಿಡಿಸಿದ್ದೆ. ಕೆಲಸ ಮಾಡಿದ ಅನುಭವ ಇದ್ದರೆ ನಾಚಿಕೆ ಬೇಡ, ಅದನ್ನೂ ಹಾಕಿ. ನಾನೊಂದು ಅಡುಗೆಮನೆ ಹಾಕಿದ್ದೆ. ಕಟ್ಟೆ ಮಾಮೂಲಿ 34 ಇಂಚು. ಆ ಮನೆಯ ಅಜ್ಜಿ ನಾಲ್ಕಡಿ ಹತ್ತಿಂಚು, ಮಣೆ ಹಾಕಿಕೊಂಡು ನಿಂತು ಹೆಚ್ಚುತ್ತಿದ್ದರು. ಒಂದು ಪಕ್ಕ 30 ಇಂಚಿಗೆ ಇಳಿಸಿದ ಚಿತ್ರ ಒಂದೇ ಪುಟ. ಗುಂಪಿನ ಕೆಲಸ ಹಾಕಿದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ. ಪುಟದ ಮಿತಿ, ಫೈಲಿನ ಗಾತ್ರ ಪ್ರತಿ ಕಾಲೇಜಿಗೂ ಬೇರೆ, ಪ್ರತಿ ವರ್ಷವೂ ಬದಲಾಗಬಹುದು. ಅವರ ಪ್ರಕಟಣೆಯನ್ನೇ ಓದಿ, ಸೀನಿಯರ್ ಮಾತು ನಂಬಬೇಡಿ. ನನ್ನ ಮಾತನ್ನೂ.

ಮೋಟಿವೇಶನ್ ಲೆಟರನ್ನು, ಅಂದರೆ ಯಾಕೆ ಈ ಓದು ಅಂತ ಹೇಳುವ ಪತ್ರವನ್ನು, ನೀವೇ ಬರೆಯಿರಿ. ಮೊದಲ ವರ್ಷ ನಾನು ಒಂದು ಕನ್ಸಲ್ಟೆನ್ಸಿಗೆ ದುಡ್ಡು ಕೊಟ್ಟು ಬರೆಸಿದ್ದೆ. ಒಂದು ಊರಿನ ಕಾಲೇಜಿಗೆ ಕಳಿಸಿದ ಪತ್ರದಲ್ಲಿ ಇನ್ನೊಂದು ಊರಿನ ಹೆಸರು ಹಾಗೇ ಉಳಿದಿತ್ತು. ಕಳಿಸಿ ನಾಲ್ಕು ತಿಂಗಳಾದ ಮೇಲೆ ನೋಡಿದೆ. "ಚಿಕ್ಕಂದಿನಿಂದಲೂ ನನಗೆ ವಿನ್ಯಾಸ ಅಂದರೆ ಪ್ರಾಣ" ಅಂತ ಶುರು ಮಾಡಬೇಡಿ, ಎಲ್ಲರಿಗೂ ಪ್ರಾಣವೇ. ನಿಮಗೆ ಬಿಡಿಸಲಾಗದ ಒಂದು ಪ್ರಶ್ನೆ ಬರೆಯಿರಿ. ನನ್ನದು: ನಡುಮನೆ ದಾಟಲು ಹಿಂಜರಿಯುವವರು ಮ್ಯೂಸಿಯಂ ಬಾಗಿಲನ್ನು ಹೇಗೆ ದಾಟುತ್ತಾರೆ?

ಕಾಗದ ಪತ್ರ, ದುಡ್ಡು

ಇಟಲಿಗೆ ಹೋಗುವ ಕ್ರಮ ಚುಟುಕಾಗಿ ಹೀಗೆ. ಪಾಲಿಟೆಕ್ನಿಕ್‌ನ ಸ್ವಂತ ಪೋರ್ಟಲ್‌ನಲ್ಲಿ ಅರ್ಜಿ. ಸೀಟು ಸಿಕ್ಕ ಮೇಲೆ ಯೂನಿವರ್ಸಿಟಾಲಿ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಪ್ರೀ ಎನ್‌ರೋಲ್‌ಮೆಂಟ್. ಅದು ಒಪ್ಪಿಗೆ ಆದ ಮೇಲೆ ಡಿ ಮಾದರಿಯ ಸ್ಟೂಡೆಂಟ್ ವೀಸಾ. ಅಲ್ಲಿಗೆ ಹೋಗಿ ಎಂಟು ಕೆಲಸದ ದಿನದೊಳಗೆ ಪೆರ್ಮೆಸ್ಸೊ ಅಂದರೆ ವಾಸದ ಪರವಾನಗಿಗೆ ಅರ್ಜಿ. ಅದರ ಕಿಟ್ ಸಿಗುವುದು ಪೋಸ್ಟಾಫೀಸಿನಲ್ಲಿ. 16 ಯೂರೋದ ಸ್ಟಾಂಪು ಮಾತ್ರ ತಂಬಾಕಿನ ಅಂಗಡಿಯಲ್ಲಿ! ನಾನು ಎರಡು ಪೋಸ್ಟಾಫೀಸು ಸುತ್ತಿದ ಮೇಲೆ ಯಾರೋ ಹೇಳಿದರು.

ಮುಖ್ಯವಾದದ್ದು ಡಿಎಸ್‌ಯು ಸ್ಕಾಲರ್‌ಶಿಪ್. ಮಿಲಾನ್ ಇರುವ ಪ್ರಾಂತ್ಯದ ಸರ್ಕಾರ ಕೊಡುವಂಥದ್ದು, ಮನೆಯ ಆದಾಯದ ಮೇಲೆ. ಸಿಕ್ಕರೆ ಫೀಸು ಮಾಫಿ, ಮೇಲೆ ಸ್ವಲ್ಪ ದುಡ್ಡು ಬೇರೆ. ಮಧ್ಯಮ ವರ್ಗದವರು "ನಮಗೆಲ್ಲಿ ಸಿಗುತ್ತೆ" ಅಂತ ಬಿಟ್ಟುಬಿಡುತ್ತಾರೆ. ನಮ್ಮ ರೂಪಾಯಿ ಆದಾಯವನ್ನು ಯೂರೋಗೆ ಇಳಿಸಿ ನೋಡಿ, ಆಮೇಲೆ ಮಾತಾಡಿ. ದಾಖಲೆ ಮಾತ್ರ ಜಾಸ್ತಿ: ಮನೆಯವರ ಆದಾಯ, ಬ್ಯಾಂಕಿನಲ್ಲಿರುವ ದುಡ್ಡು, ಆಸ್ತಿ. ಎಲ್ಲಕ್ಕೂ ಇಟಾಲಿಯನ್ ಅನುವಾದ, ಅಪೋಸ್ಟಿಲ್ ಅನ್ನುವ ಸರ್ಕಾರಿ ದೃಢೀಕರಣ. ನಾಡಕಚೇರಿಯ ಆದಾಯ ಪ್ರಮಾಣ ಪತ್ರದಿಂದ ಶುರು ಮಾಡಿ ಎಲ್ಲ ಮುಗಿಯಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಸೀಟು ಸಿಗುವ ತನಕ ಕಾಯಬೇಡಿ.

ಅದರಲ್ಲಿ ಮನೆಯ ವಿಸ್ತೀರ್ಣ ಎಷ್ಟು ಚದರ ಮೀಟರ್ ಅಂತಲೂ ಕೇಳಿದ್ದರು. ಅಪ್ಪನನ್ನು ಕೇಳಿದೆ. "ಮೂರಂಕಣ ಅಂತ ಬರಿ" ಅಂದರು. ಪುಣ್ಯಕ್ಕೆ ಪೋರ್ಟ್‌ಫೋಲಿಯೋಗೆ ಅಳೆದ ನಕ್ಷೆ ಇತ್ತು. ಪಂಚಾಯಿತಿಯಲ್ಲಿ ಅದನ್ನೇ ತೋರಿಸಿ ಪತ್ರ ಮಾಡಿಸಿದೆವು.

ಫೀಸಿಗಿಂತ ಬಾಡಿಗೆ ದೊಡ್ಡದು. ನಾನು ಹಂಚಿಕೊಂಡ ಕೋಣೆಗೆ ತಿಂಗಳಿಗೆ 350 ಯೂರೋ ಕೊಡುತ್ತಿದ್ದೆ, ಈಗ ಆ ಬೆಲೆಗೆ ಸಿಗುವುದು ಕಷ್ಟ. ಮಾಡೆಲ್ ಮಾಡುವ ಸಾಮಾನಿಗೂ ದುಡ್ಡು ತೆಗೆದಿಡಿ. ರಟ್ಟು, ಬಾಲ್ಸಾ ಮರ, ಪ್ರಿಂಟು ಅಂತ ಸೆಮಿಸ್ಟರ್ ಕೊನೆಯಲ್ಲಿ ಊಟಕ್ಕಿಂತ ಅದಕ್ಕೇ ಜಾಸ್ತಿ ಹೋಗುತ್ತದೆ.

ಅಲ್ಲಿ ಏನು ಕಲಿಸುತ್ತಾರೆ

ಡಿಸೈನ್ ಶಾಲೆ ಇರುವುದು ಬೋವಿಸಾದಲ್ಲಿ, ಹಿಂದೆ ಕಾರ್ಖಾನೆಗಳಿದ್ದ ಪ್ರದೇಶ. ಅಂಕ 30ಕ್ಕೆ, ಪಾಸಾಗಲು 18. ವಾರವಾರ 'ರೆವಿಜಿಯೊನೆ', ಅಂದರೆ ನಿಮ್ಮ ಕೆಲಸ ತೋರಿಸಿ ಬೈಸಿಕೊಳ್ಳುವುದು. ನನ್ನ ಮೊದಲ ರೆವಿಜಿಯೊನೆಯಲ್ಲಿ 1:20ರ ಮಾಡೆಲ್ ಇಟ್ಟು ಭಾಷಣ ಶುರು ಮಾಡಿದ್ದೆ. ಪ್ರೊಫೆಸರ್ ಕೇಳಿಸಿಕೊಳ್ಳಲೇ ಇಲ್ಲ. ನೆಲದ ಮೇಲೆ ಮಂಡಿಯೂರಿ ಒಂದು ಕಣ್ಣು ಮುಚ್ಚಿ ಮಾಡೆಲ್ ಒಳಗೆ ನೋಡಿದರು. ನಾನು ನಿಲ್ಲಿಸಿದ್ದ ಕಾಗದದ ಹೆಂಗಸನ್ನು ತೋರಿಸಿ, "ಇವಳ ಕೈಲಿ ಏನಿದೆ?" ಅಂದರು. ಏನಿಲ್ಲ ಅಂದೆ. "ಹೊರಗೆ ಮಳೆ ಬರ್ತಿದೆ. ಕೊಡೆ ಎಲ್ಲಿ?" ಅಂದರು. ಮುಂದಿನ ವಾರ ಬಾಗಿಲ ಪಕ್ಕ ಕೊಡೆ ಇಡುವ ಜಾಗ, ಕೋಟು ನೇತುಹಾಕುವ ಜಾಗ, ಕೂತು ಶೂ ಕಟ್ಟಿಕೊಳ್ಳಲು ಒಂದು ಬೆಂಚು ಬಂದವು. ಪ್ರದರ್ಶನದ ಅರ್ಧ ನಕ್ಷೆಯೇ ಬದಲಾಯಿತು.

ಕ್ಲಾಸಿಗಿಂತ ಜಾಸ್ತಿ ಕಲಿತಿದ್ದು ಊರಿನಲ್ಲಿ. ಮಿಲಾನಿನ ಸ್ಫೋರ್ಜಾ ಕೋಟೆಯಲ್ಲಿ ಮೈಕೆಲ್‌ಆ್ಯಂಜೆಲೊನ ಕೊನೆಯ ಶಿಲ್ಪ ಇದೆ, ರೊಂಡಾನಿನಿ ಪಿಯೆತಾ. 1564ರಲ್ಲಿ ಸಾಯುವ ಕೆಲವೇ ದಿನಗಳ ಮುಂಚಿನವರೆಗೂ ಕೆತ್ತುತ್ತಿದ್ದನಂತೆ, ಮುಗಿದಿಲ್ಲ. 1956ರಲ್ಲಿ ಬಿಬಿಪಿಆರ್ ಅನ್ನುವ ವಾಸ್ತುಶಿಲ್ಪಿಗಳ ತಂಡ ಅದನ್ನು ದೊಡ್ಡ ಸಾಲೆಯ ಒಂದು ಮರೆಯಲ್ಲಿ ಇಟ್ಟಿತ್ತು. 2015ರಲ್ಲಿ ಮಿಕೆಲೆ ದೆ ಲೂಕಿ ಅದನ್ನು ಕೋಟೆಯ ಹಳೆ ಆಸ್ಪತ್ರೆಯ ಕೋಣೆಗೆ ತಂದರು. ಆ ಕೋಣೆಯಲ್ಲಿ ಅದೊಂದೇ. ಬಾಗಿಲಿನಿಂದ ಒಳಗೆ ಹೋದರೆ ಮೊದಲು ಕಾಣುವುದು ಶಿಲ್ಪದ ಬೆನ್ನು. ಮಗ ಯೇಸುವಿನ ಹೆಣ ಎತ್ತಿ ಹಿಡಿದ ತಾಯಿ ಮೇರಿಯ ಬಾಗಿದ ಬೆನ್ನು. ಮುಖ ನೋಡಬೇಕು ಅಂದರೆ ನೀವೇ ಸುತ್ತಿ ಬರಬೇಕು. ನಾನು ಅಲ್ಲಿ ಒಂದು ಮಧ್ಯಾಹ್ನವಿಡೀ ಬೆಂಚಿನ ಮೇಲೆ ಕೂತು ಜನರ ಗೆರೆ ಎಳೆದಿದ್ದೇನೆ. ಮಾತಾಡುತ್ತಾ ಬಂದವರು ಆ ಬೆನ್ನು ಕಂಡು ಸುಮ್ಮನಾಗುತ್ತಿದ್ದರು. ಶಿಲ್ಪವನ್ನು ತಿರುಗಿಸಿ ಇಟ್ಟಿದ್ದಷ್ಟೇ ಕೆಲಸ, ನೋಡಿ.

ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಹೋದರೆ ವೆರೋನಾ. ಅಲ್ಲಿ ಕಾರ್ಲೊ ಸ್ಕಾರ್ಪ ರೂಪಿಸಿದ ಕಾಸ್ಟೆಲ್‌ವೆಕ್ಕಿಯೊ ಮ್ಯೂಸಿಯಂ ಇದೆ, 1964ರಲ್ಲಿ ತೆರೆದಿದ್ದು. ಹೊಸ ನೆಲವನ್ನು ಹಳೆ ಗೋಡೆಗೆ ತಾಗಿಸದೆ ಒಂದು ಸಂದು ಬಿಟ್ಟಿದ್ದಾರೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಕಾಲಿಗೇ ಗೊತ್ತಾಗುತ್ತದೆ. ಕಾಂಗ್ರಾಂದೆ ಅನ್ನುವ ದೊರೆಯ ಕುದುರೆ ಸವಾರಿ ಪ್ರತಿಮೆ ಬಯಲಲ್ಲಿ, ಕಾಂಕ್ರೀಟಿನ ಚಾಚಿನ ಮೇಲೆ ನಿಂತಿದೆ. ಕೆಳಗಿನಿಂದ ಒಂದು ಸಲ, ಸೇತುವೆಯಿಂದ ಒಂದು ಸಲ, ಮೇಲಿನಿಂದ ಒಂದು ಸಲ ಸಿಗುತ್ತದೆ. ಹೋಗುವಾಗ ಟೇಪು ಮರೆಯಬೇಡಿ.

ಲೆಕ್ಕಾಚಾರವೂ ಕಲಿಯುತ್ತೀರಿ. ಕಾಗದ, ಬಟ್ಟೆಯಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು, ತೈಲಚಿತ್ರಕ್ಕಾದರೆ 200ರವರೆಗೆ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ರಾತ್ರಿ ದೀಪ ಆರಿಸಿದರೆ ವಾಸಿಯಾಗುವುದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಒಂದು ಹಳೆ ಸೀರೆಗಳ ಪ್ರದರ್ಶನದಲ್ಲಿ 50 ಲಕ್ಸ್ ಇಟ್ಟೆವು. ಮೊದಲ ದಿನವೇ ದೂರು, "ಏನ್ರೀ ಇಷ್ಟು ಕತ್ತಲೆ!" ಸೀರೆಯ ಮೇಲಿನ ಬೆಳಕು ಹೆಚ್ಚಿಸಲಿಲ್ಲ, ಅದಕ್ಕೂ ಮುಂಚಿನ ಕೋಣೆಯ ಬೆಳಕು ತಗ್ಗಿಸಿದೆವು. ಅಲ್ಲಿ ಎರಡು ನಿಮಿಷ ನಿಂತು ಬಂದ ಕಣ್ಣಿಗೆ 50 ಲಕ್ಸ್ ಧಾರಾಳ. ದೂರು ನಿಂತಿತು.

ಒಂದು ವಿಷಯ ಮಾತ್ರ ಅಲ್ಲಿ ಯಾರೂ ಹೇಳಿಕೊಡುವುದಿಲ್ಲ: ಕನ್ನಡ ಫಲಕ. ಇಂಗ್ಲಿಷ್‌ಗೆ ಇಡುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. 'ರಾಷ್ಟ್ರ', 'ಸ್ತ್ರೀ' ಅಂತ ಬರೆದು ನೋಡಿ. ನಾನು ಅಕ್ಷರದ ಗಾತ್ರದ 1.6 ಪಟ್ಟು ಅಂತರ ಬಿಡುತ್ತೇನೆ, ಫಲಕದ ಎತ್ತರವನ್ನು ಮೊದಲು ಕನ್ನಡಕ್ಕೆ ಲೆಕ್ಕ ಹಾಕಿ ಆಮೇಲೆ ಇಂಗ್ಲಿಷ್ ಕೂರಿಸುತ್ತೇನೆ. ಬಹಳ ಕಡೆ ತಿರುಗಾಮುರುಗಾ ಮಾಡುತ್ತಾರೆ. ಅದಕ್ಕೇ ನಮ್ಮ ಮ್ಯೂಸಿಯಂಗಳಲ್ಲಿ ಕನ್ನಡ ಅಷ್ಟು ಇಕ್ಕಟ್ಟಾಗಿ ಕೂತಿರುತ್ತದೆ.

ವಾಪಸ್ ಬಂದ ಮೇಲೆ

ಕೆಲಸ ಇದೆ. ಆದರೆ ಅದು 'ಮ್ಯೂಸಿಯಂ ಡಿಸೈನರ್ ಬೇಕಾಗಿದ್ದಾರೆ' ಅಂತ ಜಾಹೀರಾತಿನಲ್ಲಿ ಬರುವುದಿಲ್ಲ. ನನ್ನ ಮೊದಲ ವರ್ಷದ ಸಂಪಾದನೆ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಮೂರು ದಿನದ ಟ್ರೇಡ್ ಫೇರ್ ಮಳಿಗೆಗಳಿಂದ. ರಾತ್ರಿ ಹತ್ತಕ್ಕೆ ಎಂಡಿಎಫ್ ಹಲಗೆ ಬರುತ್ತದೆ, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಬೇಕು. ಆಮೇಲೆ ಕಂಪನಿಗಳ ಎಕ್ಸ್‌ಪೀರಿಯೆನ್ಸ್ ಸೆಂಟರ್‌ಗಳು. ಮ್ಯೂಸಿಯಂ ಕೆಲಸ ಮೂರನೇ ವರ್ಷ ಸಿಕ್ಕಿತು. ಸರ್ಕಾರಿ ಟೆಂಡರ್ ಆದರೆ ಎಲ್‌1, ಅಂದರೆ ಕಡಿಮೆ ಬೆಲೆ ಹೇಳಿದವರಿಗೆ. ಡ್ರಾಯಿಂಗ್‌ನಲ್ಲಿ 19 ಎಂಎಂ ಪ್ಲೈ ಅಂತ ಇದ್ದಿದ್ದು ಸೈಟಿನಲ್ಲಿ 12 ಆಗಿರುತ್ತದೆ. ಬೆಳಗಾಗೆದ್ದು ಅಳೆಯಬೇಕು. ಶುರುವಿನಲ್ಲಿ ಮಾಡ್ಯುಲರ್ ಕಿಚನ್‌ನಲ್ಲಿ ಬರುತ್ತಿದ್ದಷ್ಟು ದುಡ್ಡು ಬರಲಿಲ್ಲ, ಮನೆಯಲ್ಲಿ ಇದನ್ನು ಮೊದಲೇ ಹೇಳಿಡಿ.

ಹೊರಡುವ ಮುಂಚೆ ನೋಡಿಕೊಂಡು ಬರಬೇಕಾದ ಜಾಗಗಳು ಇಲ್ಲೇ ಇವೆ. ರಾಮನಗರದ ಜಾನಪದ ಲೋಕ. ಬೆಂಗಳೂರು ಕಸ್ತೂರಬಾ ರಸ್ತೆಯಲ್ಲಿ ಒಂದೇ ದಿನಕ್ಕೆ ಮೂರು: 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂ, ವಿಶ್ವೇಶ್ವರಯ್ಯ ಮ್ಯೂಸಿಯಂ, 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ. ಮೂರರಲ್ಲೂ ಒಂದೊಂದು ಗಂಟೆ ಕೂತು ಗೆರೆ ಎಳೆಯಿರಿ. ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳ ಕೆಂಪು ಗೆರೆಗೆ ಎರಡು ಪೆನ್ಸಿಲ್ ಇಟ್ಟುಕೊಂಡಿರಿ.

ಕೊನೆಗೆ ಎಲ್ಲರೂ ಕೇಳುವುದು, "ಅಕ್ಕಾ, ಲ್ಯಾಪ್‌ಟಾಪ್ ಯಾವುದು ತಗೊಳ್ಳಲಿ?" ಯಾವುದಾದರೂ ತಗೊಳ್ಳಿ. ಟೇಪು ಮಾತ್ರ ಒಂದು ಪಕ್ಕ ಸೆಂಟಿಮೀಟರ್, ಇನ್ನೊಂದು ಪಕ್ಕ ಅಡಿ ಇಂಚು ಇರುವಂಥದ್ದನ್ನು ಇಲ್ಲಿಂದಲೇ ಒಯ್ಯಿರಿ. ನಾನು ಹೋದ ಅಂಗಡಿಗಳಲ್ಲಿ ಬರೀ ಸೆಂಟಿಮೀಟರಿನದ್ದೇ ಇತ್ತು. ವಾಪಸ್ ಬಂದ ಮೇಲೆ ನಿಮ್ಮ ಬಡಗಿ ಕೇಳುವುದು ಇಂಚಿನಲ್ಲೇ.